ಆಮ್ಲದ ಬಲ, ಅರಿವಿನ ಬಲ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಹಳಗನ್ನಡ ಕಾವ್ಯವನ್ನು ಕುರಿತು ಬರೆಯಬೇಕೆಂದಿದ್ದೆ. ಕಳೆದ ದೀಪಾವಳಿಗೆ ಜಾಲಹಳ್ಳಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬನ ಮಾತು ಆ ಸಂಕಲ್ಪವನ್ನು ಬದಲಿಸಿತು. ಆತ ಗುಜರಾತಿನ ಜಾಮನಗರದಲ್ಲಿ, ತೈಲ ಶುದ್ಧೀಕರಣಾಗಾರದ ಇಂಜಿನಿಯರು.

“ಅಲ್ಲಿ ನಿನ್ನ ಕೆಲಸವೇನಪ್ಪಾ?” ಎಂದೆ.

“ಗಂಧಕಾಮ್ಲದ ಬಲ ಕುಗ್ಗದಂತೆ ಕಾಯುವುದು, ಗುರುಗಳೇ.”

“ಹುಳಿಗೂ ಕಾವಲುಂಟೇ?” ಎಂದು ನಕ್ಕೆ. ಆತ ನಗಲಿಲ್ಲ, ಸಾವಧಾನವಾಗಿ ವಿವರಿಸಿದ.

ಕಚ್ಚಾತೈಲದ ಸಂಸ್ಕರಣದಲ್ಲಿ ದೊರೆಯುವ ಐಸೊಬ್ಯೂಟೇನ್, ಬ್ಯೂಟೀನ್ ಎಂಬ ಹಗುರ ಘಟಕಗಳು ಪ್ರಬಲ ಗಂಧಕಾಮ್ಲದ ಸಾನ್ನಿಧ್ಯದಲ್ಲಿ, ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕೂಡಿ, ಪೆಟ್ರೋಲಿಗೆ ಬೆರೆಸುವ ಆಲ್ಕಿಲೇಟ್ ಆಗುತ್ತವೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದ ಪೆಟ್ರೋಲಿನಲ್ಲಿ ಗಂಧಕವು ದಶಲಕ್ಷಕ್ಕೆ 10 ಭಾಗವನ್ನು ಮೀರುವಂತಿಲ್ಲ. ಗಂಧಕ ಅತ್ಯಲ್ಪವಾಗಿರುವ ಆಲ್ಕಿಲೇಟಿಗೆ ಆದ್ದರಿಂದ ಮನ್ನಣೆ ಹೆಚ್ಚು.

ಹೊಸ ಆಮ್ಲ ಸುಮಾರು ಶೇಕಡಾ 98ರಷ್ಟು ಪ್ರಬಲ. ನುಸುಳಿ ಬರುವ ನೀರನ್ನೂ ಕ್ರಿಯೆಯಲ್ಲೇ ಹುಟ್ಟುವ ಜಿಡ್ಡನ್ನೂ ಹೀರುತ್ತ ಅದು ಸೊರಗುತ್ತದೆ. ಪಾತ್ರೆಯಲ್ಲಿ ಅದರ ಮೊತ್ತ ಕುಗ್ಗಿದಂತೆ ಕಾಣದು, ಕುಗ್ಗುವುದು ಬಲ. ಶೇಕಡಾ 90ರ ಸಮೀಪಕ್ಕೆ ಇಳಿದುದನ್ನು ಹೊರತೆಗೆದು ಹೊಸದನ್ನು ಕೂಡಿಸುತ್ತಿರಬೇಕು. ಇನ್ನೂ ಇಳಿಯಬಿಟ್ಟರೆ ಬ್ಯೂಟೀನು ಐಸೊಬ್ಯೂಟೇನನ್ನು ತೊರೆದು ತನ್ನೊಡನೆ ತಾನೇ ಹೆಣೆದುಕೊಳ್ಳುತ್ತದೆ. ಹಾಗೆ ಹುಟ್ಟಿದ ಜಿಡ್ಡು ಆಮ್ಲವನ್ನು ಮತ್ತಷ್ಟು ಕೆಡಿಸುತ್ತದೆ. ಆಗ ಬ್ಯೂಟೀನಿನ ಒಳಹರಿವನ್ನೇ ನಿಲ್ಲಿಸಬೇಕಾಗುತ್ತದೆ.

“ಕಣ್ಣಂದಾಜು ಸಲ್ಲದು ಗುರುಗಳೇ, ಮಾದರಿ ತೆಗೆದು ಕ್ಷಾರದಿಂದ ಅಳೆದೇ ತಿಳಿಯಬೇಕು” ಎಂದ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ವಿದ್ವತ್ ಪರೀಕ್ಷೆಗೆ ಓದಿದ ವ್ಯಾಕರಣ, ಛಂದಸ್ಸು, ಅಲಂಕಾರಗಳ ಬಲದಿಂದಲೇ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಈಚಿನ ಹತ್ತು ವರ್ಷಗಳಲ್ಲಿ ಹೊಸ ಗ್ರಂಥವೊಂದನ್ನು ಆಮೂಲಾಗ್ರವಾಗಿ ಓದಿದ ನೆನಪಿಲ್ಲ. ಮಾತಿನ ಹರಿವು ಕುಂದದಿದ್ದುದರಿಂದ ಬಲ ಕುಂದಿದ್ದು ನನಗೆ ಗೋಚರಿಸಿರಲಿಲ್ಲ. ದಸರೆಗೆ ಮುನ್ನ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಒಂದು ಶಬ್ದದ ನಿಷ್ಪತ್ತಿಯನ್ನು ಕೇಳಿದಾಗ, ತಿಳಿಯದೆನ್ನುವ ಬದಲು ಗದರಿಸಿ ಕೂರಿಸಿದ್ದೆ. ಅಳತೆಗೋಲು ಅಂದೇ ಎದುರು ನಿಂತಿತ್ತು, ನಾನು ನೋಡಲೊಲ್ಲೆನಾದೆ.

ಬಳಸಿ ತೆಗೆದ ಆಮ್ಲವನ್ನು ಚೆಲ್ಲಬೇಕಿಲ್ಲವಂತೆ. ಕುಲುಮೆಯಲ್ಲಿ ಉರಿಸಿ, ಬಂದ ಅನಿಲದಿಂದ ಮತ್ತೆ ಹೊಸ ಆಮ್ಲವನ್ನು ಮಾಡಬಹುದಂತೆ. ಆ ಮಾತೇ ನನಗೆ ಧೈರ್ಯವಿತ್ತಿತು. ರಜೆ ಮುಗಿದೊಡನೆ ಶಾಲೆಯ ಗ್ರಂಥಾಲಯದಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಕಿಟ್ಟೆಲರ 1894ರ ನಿಘಂಟನ್ನೂ ಮತ್ತೆ ತೆರೆದೆ. ಆ ಬಾಲಕಿಯನ್ನು ಕರೆದು, ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು, ಬಳಿಕ ಉತ್ತರ ಹೇಳಿದೆ.