ಸುಂಟಿಕೊಪ್ಪದ ಒಲೆಯ ಮೇಲೆ ಫ್ರೆಂಚ್ ಸಾಸೇಜು

ಮೈಸೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಕುಶಾಲನಗರ ದಾಟಿ, ಆನೆಕಾಡಿನ ನೆರಳಿನಲ್ಲಿ ಹಾದು, ಏದುಸಿರು ಬಿಡುತ್ತಾ ಮೇಲೇರುತ್ತದೆ. ಮಡಿಕೇರಿಗೆ ಇನ್ನೂ ಅಷ್ಟೇ ದಾರಿ ಇದೆ ಎನ್ನುವಾಗ ಸಿಗುವ ಊರು ಸುಂಟಿಕೊಪ್ಪ. ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ನೋಡಲು ಜಲಪಾತವಿಲ್ಲ, ರಾಜರ ಗದ್ದುಗೆಯಿಲ್ಲ. ಒಂದು ರಸ್ತೆ ಮಾದಾಪುರದತ್ತ, ಇನ್ನೊಂದು ಚೆಟ್ಟಳ್ಳಿಯತ್ತ ಕವಲೊಡೆಯುತ್ತದೆ. ಸುತ್ತ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕೊಂಕಣಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಗಳಿರುವ ಕಡೆ ಅಡುಗೆಯೂ ಒಂದೇ ಬಗೆಯಾಗಿರುವುದಿಲ್ಲ.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಇಪ್ಪತ್ತು ವರ್ಷಗಳ ನಂತರ, 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಹಾಕಿದ. ಬಿಳಿಯರ ಬಂಗಲೆಗಳ ಜತೆಗೆ ಅವರ ಊಟದ ಮೇಜಿನ ಪದಗಳೂ ಬಂದವು: ರೋಸ್ಟು, ಕಟ್ಲೆಟ್ಟು, ಸಾಸೇಜು. ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಸಾಸೇಜು, ಸಾಸು, ಸಲಾಡು ಮೂರೂ ಲ್ಯಾಟಿನ್ನಿನಲ್ಲಿ ಉಪ್ಪಿಗೆ ಇರುವ ‘ಸಾಲ್’ ಎಂಬ ಮಾತಿನಿಂದ ಹುಟ್ಟಿದವು. ತಿಂಗಳ ಕೊನೆಗೆ ಅಪ್ಪ ತರುವ ‘ಸ್ಯಾಲರಿ’ಯೂ ಅದೇ ಬಳಗದ್ದು!

ಫ್ರಾನ್ಸಿನ ಪೂರ್ವದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿ ಜುರಾ ಎಂಬ ಬೆಟ್ಟಸಾಲು ಇದೆ. ಅಲ್ಲಿನ ಮೊರ್ತೊ ಎಂಬ ಊರಿನ ಸಾಸೇಜಿಗೆ ದೊಡ್ಡ ಹೆಸರು. ಹಂದಿಮಾಂಸವನ್ನು ಒರಟಾಗಿ ಕೊಚ್ಚಿ, ಉಪ್ಪು, ಮೆಣಸು ಬೆರೆಸಿ, ಕರುಳಿನ ಪೊರೆಯಲ್ಲಿ ತುಂಬಿ, ಒಂದು ತುದಿಗೆ ಪುಟ್ಟ ಮರದ ಕಡ್ಡಿ ಸಿಕ್ಕಿಸುತ್ತಾರೆ. ಆಮೇಲೆ ಅದಕ್ಕೆ ಹೊಗೆಯ ಸ್ನಾನ. ಅಲ್ಲಿನ ಹಳೆಯ ತೋಟದಮನೆಗಳ ನಡುವೆ ‘ಟುಯೆ’ ಎನ್ನುವ, ಕೋಣೆಯಷ್ಟೇ ದೊಡ್ಡದಾದ ಹೊಗೆಗೂಡು ಇರುತ್ತದೆ. ಕೆಳಗೆ ಪೈನ್ ಜಾತಿಯ ಮರದ ಹೊಟ್ಟಿನ ನಿಧಾನ ಬೆಂಕಿ, ಮೇಲೆ ಸಾಲಾಗಿ ತೂಗುವ ಸಾಸೇಜು. ಕನಿಷ್ಠ 48 ಗಂಟೆ ಹೊಗೆ ಕುಡಿಯಬೇಕು. ಬೇಯಿಸಿದ ಮೇಲೆ ಆಲೂಗೆಡ್ಡೆ ಮತ್ತು ಗಟ್ಟಿ ಕೆನೆಯ ಸಾಸಿನ ಜತೆ ಬಡಿಸುವುದುಂಟು.

ಇದನ್ನು ಕೇಳಿದ ಕೊಡಗಿನವರಿಗೆ ನಗು ಬಂದೀತು. ಅವರ ಹಳೆಯ ಅಡುಗೆಮನೆಯಲ್ಲೂ ಒಲೆಯ ಮೇಲೆ ಅಟ್ಟವಿತ್ತು. ಉಪ್ಪು ಸವರಿದ ಮಾಂಸದ ತುಂಡುಗಳನ್ನು ಮಳೆಗಾಲಕ್ಕಾಗಿ ಅಲ್ಲೇ ತೂಗುಹಾಕಿ ಒಣಗಿಸುತ್ತಿದ್ದರು. ಉಪ್ಪು ಮಾಂಸದ ನೀರನ್ನು ಎಳೆಯುತ್ತದೆ, ಬೆಂಕಿಯ ಕಾವು ಒಣಗಿಸುತ್ತದೆ, ಹೊಗೆಯಲ್ಲಿರುವ ಫೀನಾಲುಗಳು ಕೊಬ್ಬು ಹಳಸುವುದನ್ನು ತಡೆಯುತ್ತವೆ. ಎರಡೂ ಬೆಟ್ಟದ ನಾಡುಗಳು ಒಂದನ್ನೊಂದು ಕೇಳದೆಯೇ ಇದನ್ನು ಕಂಡುಕೊಂಡವು.

ವ್ಯತ್ಯಾಸ ಇರುವುದು ಹಂದಿಯ ಕೊಬ್ಬನ್ನು ನಾಲಿಗೆಗೆ ಒಗ್ಗಿಸುವ ಬಗೆಯಲ್ಲಿ. ಫ್ರೆಂಚರು ಅದನ್ನು ಕೆನೆಯಿಂದ ಮೆದುಗೊಳಿಸಿದರು. ಕೊಡಗಿನವರು ಕಾಚಂಪುಳಿಯಿಂದ ಕತ್ತರಿಸಿದರು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯ ಜಾತಿಯ ಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿದರೆ ರಸ ತೊಟ್ಟಿಕ್ಕುತ್ತದೆ. ಅದನ್ನು ಕುದಿಸಿ ಕುದಿಸಿ ಇಳಿಸಿದಾಗ ಡಾಂಬರಿನಂತೆ ಕಪ್ಪಗಾಗುವ ದ್ರವವೇ ಕಾಚಂಪುಳಿ. ವರ್ಷಗಟ್ಟಲೆ ಕೆಡದು. ಹುರಿದ ಮಸಾಲೆ, ಕರಿಮೆಣಸಿನ ಜತೆ ಇದು ಬೀಳದಿದ್ದರೆ ಪಂದಿಕರಿಗೆ ಆ ಬಣ್ಣವೂ ಇಲ್ಲ, ಆ ಗತ್ತೂ ಇಲ್ಲ.

ಸುಂಟಿಕೊಪ್ಪದ ಪರಿಚಿತರ ಮನೆಯಲ್ಲಿ ನಾನು ಕಂಡದ್ದು ಈ ಎರಡು ದಾರಿಗಳು ಒಂದೇ ಬಾಣಲೆಯಲ್ಲಿ ಸೇರಿದ್ದನ್ನು. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ಅವಳ ಪಠ್ಯದಲ್ಲಿ ಫ್ರೆಂಚ್ ಅಡುಗೆಗೇ ಅಗ್ರಪೂಜೆ. ಅವಳು ‘ತಾಯಿ’ ಎಂದು ಕರೆಯುತ್ತಿದ್ದುದು ಅಜ್ಜಿಯನ್ನು; ಕೊಡವರಲ್ಲಿ ಹೆತ್ತವಳು ಅವ್ವ. ನನಗೆ ತಿಳಿಯಲೆಂದು ಇಬ್ಬರೂ ಕನ್ನಡದಲ್ಲೇ ಮಾತಾಡಿದರು.

ಒಂದು ಕಿಲೋ ಮಾಂಸ, ಅದರಲ್ಲಿ ಕಾಲು ಭಾಗ ಕೊಬ್ಬು. ಉಪ್ಪು 16 ಗ್ರಾಂ. ಹುಡುಗಿ ತೂಕ ಮಾಡಿಯೇ ಹಾಕಿದಳು. ಮನೆಯ ಕರಿಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ. ಮಾಂಸ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯದಾಗಿರಬೇಕು, ಇಲ್ಲವಾದರೆ ಕೊಬ್ಬು ಕರಗಿ ಬೇರೆಯಾಗುತ್ತದೆ. ಕರುಳಿನ ಪೊರೆ ಸಿಕ್ಕಿರಲಿಲ್ಲ. ಅಜ್ಜಿ ಬಾಳೆಲೆ ಬಾಡಿಸಿ ಕೊಟ್ಟರು. ಬೆರಳು ಗಾತ್ರದ ಉಂಡೆಗಳನ್ನು ಅದರಲ್ಲಿ ಸುತ್ತಿ, ಹಬೆಯಲ್ಲಿ ಗಟ್ಟಿಯಾಗುವವರೆಗೆ ಬೇಯಿಸಿ, ಬಿಚ್ಚಿ, ಸಣ್ಣ ಉರಿಯಲ್ಲಿ ಕೆಂಪಗೆ ಹುರಿದದ್ದಾಯಿತು. ಸಾಸೇಜಿನ ಅರ್ಧವನ್ನು ಸಾಸಿಗೆಂದು ಎತ್ತಿಟ್ಟಳು.

ಬಾಣಲೆಯಲ್ಲಿ ಉಳಿದ ಕೊಬ್ಬಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ ಬಿತ್ತು. ಪುಸ್ತಕದಲ್ಲಿ ಮುಂದಿನ ಸಾಮಗ್ರಿ ಬಿಳಿ ವೈನು.

‘ತಾಯೀ, ಕಾಚಂಪುಳಿ ಬಾಟಲಿ ಎಲ್ಲುಂಟು?’

‘ಹಾಲು ಒಡೆದುಹೋಗ್ತದೆ ಮಗಳೇ, ಗೊತ್ತುಂಟಲ್ಲ?’

‘ಗೊತ್ತುಂಟು. ಹುಳಿ ಮೊದಲು, ಕ್ರೀಮು ಆಮೇಲೆ.’

ಅರ್ಧ ಚಿಕ್ಕ ಚಮಚ ಕಾಚಂಪುಳಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಸುರಿದು, ಅದು ಅರ್ಧಕ್ಕಿಳಿಯುವವರೆಗೆ ಕುದಿಸಿದಳು. ಉರಿ ಆರಿಸಿ, ಒಂದು ನಿಮಿಷ ಬಿಟ್ಟು, 200 ಮಿ.ಲೀ. ಕ್ರೀಮು. ಮತ್ತೆ ಅತಿ ಸಣ್ಣ ಉರಿ. ಕುದಿ ಬರಲು ಬಿಡಲಿಲ್ಲ. ಇದರ ಹಿಂದಿನ ರಸಾಯನಶಾಸ್ತ್ರ ಸರಳ. ಹಾಲಿನ ಕೇಸೀನ್ ಎಂಬ ಪ್ರೋಟೀನು ಹುಳಿಗೂ ಕಾವಿಗೂ ಗರಣೆಗಟ್ಟುತ್ತದೆ. ಕೆನೆಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಈ ಪ್ರೋಟೀನು ಕಡಿಮೆ, ಒಡೆಯುವ ಭಯವೂ ಕಡಿಮೆ. ನಮ್ಮ ಅಂಗಡಿಗಳ ಪೊಟ್ಟಣದ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 25ರಷ್ಟು ಕೊಬ್ಬು, ಫ್ರೆಂಚರದು ಶೇ. 30ಕ್ಕೂ ಮೇಲೆ. ಆದ್ದರಿಂದ ನಮಗೆ ಇನ್ನಷ್ಟು ತಾಳ್ಮೆ ಬೇಕು. ಕೊನೆಗೆ ಅರೆದ ಸಾಸಿವೆ ಒಂದು ಚಮಚ, ಸಾಸೇಜು, ಮೇಲೆ ಮೆಣಸಿನ ಪುಡಿ. ಆಲೂಗೆಡ್ಡೆಯ ಬದಲು ಕಡಂಬುಟ್ಟು. ಸಾಸು ಕಂದು ಮಿಶ್ರಿತ ಬಿಳಿ, ಮೊದಲು ಕೆನೆ, ಹಿಂದೆಯೇ ಹುಳಿ. ನನಗಂತೂ ಹಿಡಿಸಿತು. ಅಜ್ಜಿ ಎರಡು ತುತ್ತು ತಿಂದು, ‘ಜ್ವರ ಬಂದವರಿಗೆ ಕೊಡಬಹುದು’ ಎಂದರು!

ತಂದೆತಾಯಂದಿರಿಗೆ ಒಂದು ಮಾತು. ಹಂದಿಮಾಂಸ ಅರೆಬೆಂದಿದ್ದರೆ ಲಾಡಿಹುಳುವಿನ ಅಪಾಯವಿದೆ. ಒಳಗಿನ ಕಾವು 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಳೆಯುವ ಕಡ್ಡಿ ಇಲ್ಲದಿದ್ದರೆ ಕತ್ತರಿಸಿ, ಗುಲಾಬಿ ಬಣ್ಣ ಪೂರ್ತಿ ಹೋಗಿದೆಯೇ ನೋಡಿ. ಓದಿದ್ದನ್ನು ನಂಬಿ ಹಸಿ ಸಾಸೇಜನ್ನು ಮನೆಯಲ್ಲಿ ಒಣಗಿಸಿಡಲು ಹೋಗಬೇಡಿ. ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಹೆಸರು ಬಂದಿರುವುದೇ ಸಾಸೇಜಿಗಿದ್ದ ‘ಬೊಟುಲಸ್’ ಎಂಬ ಲ್ಯಾಟಿನ್ ಪದದಿಂದ. ಹಂದಿ ತಿನ್ನದ ಮನೆಗಳಲ್ಲಿ ಕೋಳಿಯ ತೊಡೆಯ ಮಾಂಸದಿಂದ ಇದೇ ಕ್ರಮದಲ್ಲಿ ಮಾಡಬಹುದು, ಸ್ವಲ್ಪ ಬೆಣ್ಣೆ ಸೇರಿಸಿದರಾಯಿತು. ಅದನ್ನೂ ಪೂರ್ತಿ ಬೇಯಿಸಬೇಕು.

ಆ ಮನೆಯ ಅಡುಗೆಯೂ ಈಗ ಗ್ಯಾಸಿನ ಮೇಲೆ. ಹಿತ್ತಿಲ ಹಳೆಯ ಒಲೆ ಸ್ನಾನದ ನೀರಿಗೆ ಮಾತ್ರ. ಅದರ ಮೇಲಿನ ಅಟ್ಟದಲ್ಲಿ ತೆಂಗಿನ ಗರಿ ತುಂಬಿದ್ದರು. ಮೊರ್ತೊ ಸಾಸೇಜಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು. ಯಾವ ಮರ, ಎಷ್ಟು ಗಂಟೆ ಹೊಗೆ ಎಂಬುದೆಲ್ಲ ಅಲ್ಲಿ ನಿಯಮವಾಗಿ ಬರೆದಿದೆ. ಕೊಡಗಿನ ಅರೇಬಿಕಾ ಕಾಫಿಗೂ 2019ರಲ್ಲಿ ಅಂಥದೇ ಗುರುತು ಬಂತು. ಆದರೆ ಈ ಅಟ್ಟದ ಹೊಗೆಯ ಲೆಕ್ಕ ಅಜ್ಜಿಯ ತಲೆಯಲ್ಲಷ್ಟೇ ಇತ್ತು. ಊಟದ ಬಳಿಕ ಮೊಮ್ಮಗಳು ಪ್ರಾಕ್ಟಿಕಲ್ ಪುಸ್ತಕದ ಹಿಂದಿನ ಪುಟ ತೆರೆದು ಕೂತಳು. ಯಾವ ಸೌದೆ? ಒಣಗಿದ ಕಾಫಿ ಗಿಡದ್ದು. ಹಸಿ ಸೌದೆಯ ಹೊಗೆ ಕಹಿ. ತುಂಡು ಎಷ್ಟು ದಪ್ಪ? ಹೆಬ್ಬೆರಳಿನಷ್ಟು. ಒಲೆಯಿಂದ ಎಷ್ಟು ಎತ್ತರ?

‘ನಾನು ಕೈಯೆತ್ತಿದರೆ ಸಿಗುವಷ್ಟು’ ಎಂದರು ಅಜ್ಜಿ. ಹುಡುಗಿ ಅಳತೆಯ ಟೇಪು ತರಲು ಎದ್ದಳು.