ಬಲವು ಯಾರದು, ಕಥೆ ಯಾರದು?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಬಯಲಾಟವನ್ನು ನೋಡುತ್ತ ಬೆಳೆದ ನಮಗೆ ಬಾಲ್ಯದಲ್ಲಿ ಒಂದೇ ವಾದವಿದ್ದಿತು: ಭೀಮನು ಹೆಚ್ಚೋ, ಅರ್ಜುನನು ಹೆಚ್ಚೋ? ಈಗ ನಮ್ಮ ಮನೆಯ ಹುಡುಗರು ಮೊಬೈಲಿನಲ್ಲಿ ಜಪಾನಿನ 'ಇಸೆಕೈ' ಕಥೆಗಳನ್ನು ನೋಡಿ ಅದೇ ವಾದವನ್ನು ಹೂಡುತ್ತಾರೆ. ಇಸೆಕೈ ಎಂದರೆ ಬೇರೊಂದು ಲೋಕ. ಇಲ್ಲಿಯ ಸಾಮಾನ್ಯನೊಬ್ಬನು ಆ ಲೋಕವನ್ನು ಸೇರಿ ಹೊಸ ಬಾಳನ್ನು ನಡೆಸುವುದೇ ಈ ಕಥೆಗಳ ಹೂರಣ.

ಇದು ನಮಗೆ ತೀರ ಹೊಸತಲ್ಲ. ಅರ್ಜುನನೂ ಇಂದ್ರಲೋಕದಲ್ಲಿ ಐದು ವರ್ಷವಿದ್ದು ದಿವ್ಯಾಸ್ತ್ರಗಳನ್ನು ಪಡೆದು ಬಂದವನಷ್ಟೆ! ಊರ್ವಶಿಯ ಶಾಪವನ್ನೂ ಅವನು ಅಲ್ಲಿಂದಲೇ ತಂದನು. ಅಜ್ಞಾತವಾಸದಲ್ಲಿ ಗಾಂಡೀವವು ಬನ್ನಿಯ ಮರದ ಮೇಲಿದ್ದಾಗ ಅವನನ್ನು ಕಾಪಾಡಿದುದು ಆ ಶಾಪದಿಂದ ಬಂದ ಬೃಹನ್ನಳೆಯ ರೂಪವೇ.

ಹುಡುಗರು ಹೇಳುವ ರಿಮುರು ಎಂಬಾತನು ಲೋಳೆಯ ಮುದ್ದೆಯಾಗಿ ಹುಟ್ಟಿ, ನುಂಗಿದವರ ಶಕ್ತಿಯನ್ನೆಲ್ಲ ತನ್ನದಾಗಿ ಮಾಡಿಕೊಳ್ಳುವವನು. 2012ರಲ್ಲಿ ತೊಡಗಿದ 'ರೀ ಜೀರೋ' ಕಥೆಯ ಸುಬಾರುವಿಗಾದರೋ ತೋಳ್ಬಲವು ಅಷ್ಟಕ್ಕಷ್ಟೆ. ಸತ್ತಾಗಲೆಲ್ಲ ಹಿಂದಿನದೊಂದು ಗಳಿಗೆಗೆ ಮರಳುವುದೊಂದೇ ಅವನ ಶಕ್ತಿ. ಅದನ್ನೂ ಯಾರೊಡನೆಯೂ ಹೇಳುವಂತಿಲ್ಲ. ಕಾದಾಟದಲ್ಲಿ ರಿಮುರುವೇ ಗೆಲ್ಲುವನು, ಸಂದೇಹವಿಲ್ಲ. ಆದರೆ ಒಬ್ಬನ ಕಥೆ ತನ್ನವರಿಗೆ ನೆಲೆಯನ್ನು ಕಟ್ಟುವುದು, ಮತ್ತೊಬ್ಬನದು ನೋವನ್ನು ನುಂಗಿ ನಡೆಯುವುದು. ಇವೆರಡನ್ನು ತೂಗುವ ತಕ್ಕಡಿ ಎಲ್ಲಿಯದು?

ನಮ್ಮ ಕವಿಗಳು ಇದನ್ನು ಬಲ್ಲವರಾಗಿದ್ದರು. 941ರಲ್ಲಿ ಪಂಪನು ಅರ್ಜುನನನ್ನು ಕಥಾನಾಯಕನನ್ನಾಗಿ ಮಾಡಿದನು. ಬಳಿಕ ಬಂದ ರನ್ನನು ಗದಾಯುದ್ಧದಲ್ಲಿ ಆ ಪಟ್ಟವನ್ನು ಭೀಮನಿಗೆ ಕಟ್ಟಿದನು. ಅವರ ಬಲಾಬಲವು ಬದಲಾಗಲಿಲ್ಲ, ಕಥೆಯಲ್ಲಿನ ಸ್ಥಾನವು ಬದಲಾಯಿತು. ಆಯುಧವನ್ನು ಹಿಡಿಯೆನೆಂದ ಕೃಷ್ಣನಿಲ್ಲದೆ ಇಬ್ಬರಿಗೂ ಜಯವಿಲ್ಲ. ಬಯಲಾಟದಲ್ಲಿಯೂ ಹಾಗೆಯೇ: ಕಿರೀಟ ಭುಜಕೀರ್ತಿಗಳ ವೀರರು ಎಷ್ಟೇ ಅಬ್ಬರಿಸಲಿ, "ತಾವು ದಾರು?" ಎಂದು ಕೇಳುವ ಸಾರಥಿಯಿಲ್ಲದೆ ಆಟವು ಮುಂದುವರಿಯದು.

ಈ ವಿಚಾರವು ಮನೆಗೂ ಸಲ್ಲತಕ್ಕದ್ದು. ನಮ್ಮ ಮನೆಯ ಹುಡುಗರಲ್ಲಿ ಹಿರಿಯನಿಗೆ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳು ಬರುತ್ತವೆ. ಕಿರಿಯನು ಒಂದು ದಿನ, "ಕಾಕಾ, ನನಗೆ ಯಾವ ಶಕ್ತಿಯೂ ಇಲ್ಲ" ಎಂದನು. ಅಜ್ಜಿಗೆ ಹೊತ್ತಿಗೆ ಸರಿಯಾಗಿ ಔಷಧವನ್ನು ಕೊಟ್ಟು, ರಾತ್ರಿ ಅವರು ಕೆಮ್ಮಿದರೆ ಮೊದಲು ಏಳುವವನು ಅವನೇ. ನಾವು ಅವನಿಗೆ ಸುಬಾರುವಿನ ಕಥೆಯನ್ನು ನೆನಪಿಸಿ, ಸಾರಥಿಯ ಮಾತನ್ನೂ ಹೇಳಿದೆವು. ಅವನು ನಂಬಿದನೋ ಇಲ್ಲವೋ! ಮಾತಿನಿಂದ ಮಾತ್ರವೇ ಮಕ್ಕಳು ನಂಬುವರೆ? ಅಂಕಪಟ್ಟಿಗೆ ಸಲ್ಲುವ ಗೌರವವು ಆ ಕೈಗಳ ಸೇವೆಗೂ ಮನೆಯಲ್ಲಿ ಸಲ್ಲುವುದನ್ನು ಅವರು ದಿನವೂ ಕಾಣಬೇಕು.