ಕೊಳಕ್ಕೆ ಮುಚ್ಚಳ ಬಿದ್ದ ವಾರ

ಚಳಿಗಾಲದಲ್ಲಿ ಬೆಂಕಿ ಹಾಕಿ ಕೂತಾಗಲೆಲ್ಲ ಮಕ್ಕಳು ಕೊಳದ ಕಥೆ ಹೇಳು ಅನ್ನುತ್ತಾರೆ. ಹತ್ತು ಸಲ ಕೇಳಿದ್ದಾರೆ, ಆದರೂ ಬೇಕು.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಹಿತ್ತಲಿನ ಕೊಳ ಎಂಟಡಿ ಉದ್ದ, ಐದಡಿ ಅಗಲ, ಮೂರಡಿಗೆ ತುಸು ಕಡಿಮೆ ಆಳ. ಆಗ ಅದರಲ್ಲಿ ಒಂಬತ್ತು ಕೊಯ್ ಮೀನುಗಳಿದ್ದವು. ಅಷ್ಟು ನೀರಿಗೆ ಒಂಬತ್ತು ಹೆಚ್ಚೇ. ಈ ಕಡೆ ಕೊಳ ಇಟ್ಟವರ ಚಿಂತೆಯೆಲ್ಲ ಬೇಸಿಗೆಯದು. ಚಳಿಗಾಲದ ಒಂದೆರಡು ಬೆಳಗ್ಗೆ ಗಾಜಿನಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದೆ, ಬಿಸಿಲೇರಿದರೆ ಹೋಗುತ್ತದೆ. ಆ ಧೈರ್ಯದ ಮೇಲೆಯೇ 2020ರ ನವೆಂಬರ್‌ನಲ್ಲಿ ನಾನು ಕೊಳಕ್ಕೆ ಬಲೆ ಹೊದಿಸಲಿಲ್ಲ. ಓಕ್ ಮರದ ಎಲೆಯೆಲ್ಲ ಉದುರಿ ತಳಕ್ಕಿಳಿದು ಕೊಳೆಯುತ್ತಿತ್ತು. ಬಾಚಿದರಾಯಿತು, ನಾಳೆ ಬಾಚಿದರಾಯಿತು ಅಂತ ದಿನ ತಳ್ಳಿದೆ.

ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ ಕೋವಿಡ್ ದೆಸೆಯಿಂದ ಊರಿಗೆ ಹೋಗಲಾಗದೆ ನಮ್ಮಲ್ಲೇ ಉಳಿದಿದ್ದರು.

2021ರ ಫೆಬ್ರವರಿ 15, ಸೋಮವಾರ. ನಡುರಾತ್ರಿ ದಾಟಿದ ಮೇಲೆ ಕರೆಂಟು ಹೋಯಿತು. ಆ ವಾರ ಟೆಕ್ಸಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಮರುದಿನ ಬೆಳಗ್ಗೆ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ. 1949ರಿಂದೀಚೆಗೆ ಅಲ್ಲಿ ಅಂಥ ಚಳಿ ಬಿದ್ದಿರಲಿಲ್ಲ.

ಕರೆಂಟಿನ ಜೊತೆಗೇ ಕೊಳದ ಪಂಪೂ ನಿಂತಿತ್ತು, ಗಾಳಿಗುಳ್ಳೆ ಬಿಡುವ ಯಂತ್ರವೂ ನಿಂತಿತ್ತು. ಬೆಳಗಾಗಿ ಹೋಗಿ ನೋಡಿದರೆ ದಂಡೆಯಿಂದ ದಂಡೆಗೆ ಗಡ್ಡೆ, ಅದರ ಮೇಲೆ ಹಿಮ. ಕೈಯಿಂದ ಹಿಮ ಸರಿಸಿ ಬಗ್ಗಿದೆ. ತಳದಲ್ಲಿ ಕಿತ್ತಳೆ ಬಣ್ಣದ ನೆರಳುಗಳು ಒಂದಕ್ಕೊಂದು ಒತ್ತಿಕೊಂಡು ಅಲುಗಾಡದೆ ನಿಂತಿದ್ದವು. ಗಾಬರಿಯಲ್ಲಿ ಸುತ್ತಿಗೆ ತಂದೆ.

ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ ಅಪ್ಪ ಕೂಗಿದರು: "ಹೊಡೀಬೇಡ ಕಣೇ ಪುಟ್ಟಿ! ನಮ್ಮ ತುಂಗಾ ಹೊಳೇಲಿ ಸಿಡಿಮದ್ದು ಹಾಕಿ ಮೀನು ಹಿಡಿಯೋರು. ಮೀನಿಗೆ ಮದ್ದು ತಾಗೋದೇ ಬೇಡ, ನೀರಿನ ಪೆಟ್ಟಿಗೇ ಸಾಯ್ತಿದ್ವು."

"ಮತ್ತೇನು ಮಾಡ್ಲಿ ಅಪ್ಪಾ?"

"ಬಿಸಿನೀರಿನ ಪಾತ್ರೆ ಇಡು. ಅದೇ ಕೂತ್ಕೊಂಡು ತೂತು ಮಾಡತ್ತೆ."

ಗ್ಯಾಸ್ ಇತ್ತು, ಬೆಂಕಿಕಡ್ಡಿಯಲ್ಲಿ ಒಲೆ ಹಚ್ಚಿದೆವು. ಸಾರು ಮಾಡುವ ದೊಡ್ಡ ಸ್ಟೀಲ್ ಪಾತ್ರೆಯ ತುಂಬ ಕುದಿಯುವ ನೀರು ತುಂಬಿ, ಹಿಡಿಗಳಿಗೆ ಹಗ್ಗ ಕಟ್ಟಿ, ಗಡ್ಡೆಯ ಮೇಲೆ ಇಟ್ಟೆವು. ನೀರು ಆರಿದರೆ ತಂದು ಕಾಯಿಸಿ ಮತ್ತೆ ಇಡುವುದು. ನಾಲ್ಕನೇ ಸಲಕ್ಕೆ ಪಾತ್ರೆ ಒಳಗಿಳಿಯಿತು. ಮೇಲೆತ್ತಿದರೆ ದುಂಡನೆಯ ಬಾವಿ. ಅದರಿಂದ ಎದ್ದ ವಾಸನೆ ನನಗಿನ್ನೂ ಮರೆತಿಲ್ಲ. ಕೊಳೆತ ಮೊಟ್ಟೆಯ ವಾಸನೆ.

ಆ ವಾಸನೆಯಲ್ಲೇ ನನ್ನ ತಪ್ಪು ತಿಳಿಯಿತು. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಮೇಲೆ ಗಡ್ಡೆ ಕಟ್ಟಿದರೂ ತಳದ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಕೊಯ್ ಆ ತಂಪಿನಲ್ಲಿ ತಿನ್ನದೆ, ಹೆಚ್ಚು ಉಸಿರೂ ಬಳಸದೆ ಕಾಲ ಕಳೆಯಬಲ್ಲದು. ಆದರೆ ತಳದಲ್ಲಿ ಎಲೆ ಕೊಳೆಯುತ್ತಿದ್ದರೆ ಅದು ನೀರಿನ ಆಮ್ಲಜನಕ ತಿಂದು ಕೆಟ್ಟ ಅನಿಲ ಬಿಡುತ್ತದೆ. ಮೇಲೆ ಮುಚ್ಚಳ ಬಿದ್ದರೆ ಆ ಅನಿಲಕ್ಕೆ ಹೊರಗೆ ದಾರಿಯಿಲ್ಲ, ಗಾಳಿಗೆ ಒಳಗೆ ದಾರಿಯಿಲ್ಲ.

ಪಕ್ಕದ ಮನೆಯ ಅಜ್ಜ ಮಿನೆಸೋಟದವರು, ಗಡ್ಡೆ ಕೊರೆದು ಮೀನು ಹಿಡಿದು ಬೆಳೆದವರು. ಗಾಳಕ್ಕೆ ಸಿಕ್ಕಿಸುವ ಮರಿಮೀನುಗಳ ಬಕೆಟ್ಟಿಗೆ ಹಾಕುವ, ಟಾರ್ಚಿನ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಗಾಳಿಯಂತ್ರ ತಂದುಕೊಟ್ಟರು. ಕೊಳವೆಯನ್ನು ತಳಕ್ಕೆ ಬಿಡಬೇಡ, ಅರ್ಧಕ್ಕೇ ನಿಲ್ಲಿಸು, ಇಲ್ಲದಿದ್ದರೆ ತಳದ ಬೆಚ್ಚನೆ ನೀರು ಕಲಕಿ ತಣ್ಣಗಾಗುತ್ತದೆ ಎಂದರು. ಮೂರು ರಾತ್ರಿ ನಾನೂ ಅಪ್ಪನೂ ಸರದಿಯ ಮೇಲೆ ಎದ್ದು ಪಾತ್ರೆ ಕಾಯಿಸಿದೆವು. ಮನೆಯೊಳಗೇ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಎಪ್ಪತ್ತೆರಡರ ಅಪ್ಪ ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಕರೆಂಟು ಗುರುವಾರ ಬಂತು. ಗಡ್ಡೆ ಕರಗಿದಾಗ ಎರಡು ಮೀನು ಸತ್ತು ತೇಲಿದವು, ಎರಡೂ ಎಲ್ಲಕ್ಕಿಂತ ದೊಡ್ಡವು. ಅವನ್ನು ಕೊಂದದ್ದು ಚಳಿಯಲ್ಲ, ನಾನು ಬಾಚದೆ ಬಿಟ್ಟ ಎಲೆ.

ಈಗ ಅಕ್ಟೋಬರ್ ಮುಗಿಯುವುದರೊಳಗೆ ಬಲೆ ಹೊದಿಸುತ್ತೇವೆ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಮೇವು ನಿಲ್ಲಿಸುತ್ತೇವೆ, ತಿಂದದ್ದು ಆಗ ಅವಕ್ಕೆ ಅರಗುವುದಿಲ್ಲ. 12 ವೋಲ್ಟಿನ ಬ್ಯಾಟರಿಯೊಂದನ್ನು ಗಾಳಿಯಂತ್ರಕ್ಕೆಂದೇ ಇಟ್ಟಿದ್ದೇವೆ. ಅದಕ್ಕೆ ಹೀಟರ್ ಜೋಡಿಸಿದರೆ ಕೆಲವೇ ಗಂಟೆಯಲ್ಲಿ ಬರಿದಾಗುತ್ತದೆ. ಹತ್ತು ವ್ಯಾಟಿನ ಗಾಳಿಯಂತ್ರವಾದರೆ ಎರಡು ದಿನಕ್ಕೆ ಮೋಸವಿಲ್ಲ.

ಅಪ್ಪ ಈಗ ಊರಲ್ಲಿದ್ದಾರೆ. ನವೆಂಬರ್ ಬಂತೆಂದರೆ ಫೋನಿನಲ್ಲಿ ಮೊದಲು ಕೇಳುವುದು, "ಎಲೆ ಬಾಚಿದ್ಯಾ?" ನಿಮ್ಮ ಹಿತ್ತಲಲ್ಲೂ ಕೊಳವಿದ್ದರೆ, ದಯವಿಟ್ಟು ಈ ವಾರವೇ ಬಾಚಿಬಿಡಿ.